ಡಬ್ಬಿ ಬದಲಾದರೆ ಔಷಧವೂ ಬದಲಾಯಿತೇ? ಎಚ್‌ಐವಿ ಮಾತ್ರೆ ಮತ್ತು ಮಲೆನಾಡಿನ ಆತಂಕ

ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ ಸಿಡಿಎಸ್‌ಸಿಒ ಪ್ರತಿ ತಿಂಗಳು ಒಂದು ಪಟ್ಟಿ ಹೊರಡಿಸುತ್ತದೆ. ಲ್ಯಾಬ್ ಪರೀಕ್ಷೆಯಲ್ಲಿ ಫೇಲಾದ ಔಷಧಗಳ ಪಟ್ಟಿ ಅದು. ಮರುದಿನ ಪೇಪರಿನಲ್ಲೂ ಮೊಬೈಲಿನಲ್ಲೂ ‘ಇಷ್ಟು ಔಷಧ ಕಳಪೆ’ ಎಂಬ ತಲೆಬರಹ ಓಡಾಡುತ್ತದೆ. ನಮ್ಮ ರಾಜ್ಯದವರಿಗೆ ಇದು ದೂರದ ಸುದ್ದಿಯಲ್ಲ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ತೀರಿಕೊಂಡಾಗ ಅನುಮಾನ ಹೋಗಿದ್ದು ಸರ್ಕಾರಿ ಸರಬರಾಜಿನ ಡ್ರಿಪ್ ದ್ರಾವಣದ ಮೇಲೆ. 2025ರಲ್ಲಿ ಮಧ್ಯಪ್ರದೇಶದಲ್ಲಿ ವಿಷ ಬೆರೆತ ಕೆಮ್ಮಿನ ಸಿರಪ್ ಕುಡಿದು 20ಕ್ಕೂ ಹೆಚ್ಚು ಮಕ್ಕಳು ಸತ್ತರು.

ಇಂಥ ಸುದ್ದಿ ಓದಿದವರಲ್ಲಿ ಜೀವನಪೂರ್ತಿ ದಿನಾ ಒಂದು ಮಾತ್ರೆ ನುಂಗಲೇಬೇಕಾದವರೂ ಇದ್ದಾರೆ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಎಆರ್‌ಟಿ (ಎಚ್‌ಐವಿ ಚಿಕಿತ್ಸೆ) ಕೇಂದ್ರದಂಥ ಕಡೆ ಸಾಲಿನಲ್ಲಿ ನಿಂತು ಡಬ್ಬಿ ಪಡೆಯುವ ಎಚ್‌ಐವಿ ಸೋಂಕಿತರು ಅವರು. ಕಳೆದ ಸಲ ಒಂದು ಕಂಪನಿಯ ಡಬ್ಬಿ ಸಿಕ್ಕಿರುತ್ತದೆ. ಈ ಸಲ ಇನ್ನೊಂದರದ್ದು. ಮಾತ್ರೆಯ ಆಕಾರ ಬೇರೆ, ಮೇಲಿನ ಗುರುತು ಬೇರೆ, ಕೆಲವೊಮ್ಮೆ ಬಣ್ಣವೂ ಬೇರೆ. ಕೇಳಿದರೆ ಸಿಗುವ ಉತ್ತರ ಒಂದೇ ಸಾಲಿನದು: ‘ಎಲ್ಲಾ ಒಂದೇ, ತಗೊಳ್ಳಿ.’

ಆ ಉತ್ತರ ಬಹುಮಟ್ಟಿಗೆ ನಿಜ. ಆದರೆ ಅಷ್ಟೇ ಸಾಲದು. ಯಾಕೆ ನಿಜ, ಎಲ್ಲಿ ನಿಜವಲ್ಲ ಅನ್ನುವುದನ್ನು ಬಿಡಿಸಿ ಹೇಳದಿದ್ದರೆ ಅನುಮಾನ ಬೆಳೆಯುತ್ತದೆ. ಅನುಮಾನ ಬಂದವರು ಮಾತ್ರೆ ಬಿಡುತ್ತಾರೆ. ಈ ಕಾಯಿಲೆಯಲ್ಲಿ ಮಾತ್ರೆ ಬಿಡುವುದಕ್ಕಿಂತ ದೊಡ್ಡ ಅಪಾಯ ಇಲ್ಲ.

ಡಬ್ಬಿಯೊಳಗೆ ಇರುವುದೇನು

ಈಗ ನಮ್ಮ ದೇಶದಲ್ಲಿ ಹೆಚ್ಚಿನ ವಯಸ್ಕರಿಗೆ ಕೊಡುವುದು ‘ಟಿಎಲ್‌ಡಿ’ ಎಂಬ ಮಾತ್ರೆ. ಒಂದೇ ಮಾತ್ರೆಯಲ್ಲಿ ಮೂರು ಔಷಧ: ಟೆನೊಫೊವಿರ್ ಡೈಸೊಪ್ರಾಕ್ಸಿಲ್ ಫ್ಯೂಮರೇಟ್ 300 ಮಿ.ಗ್ರಾಂ., ಲ್ಯಾಮಿವುಡಿನ್ 300 ಮಿ.ಗ್ರಾಂ., ಡೊಲುಟೆಗ್ರಾವಿರ್ 50 ಮಿ.ಗ್ರಾಂ. ದಿನಕ್ಕೊಂದು. ಮೂರೂ ಸೇರಿ ವೈರಸ್ ತನ್ನ ಸಂಖ್ಯೆ ಹೆಚ್ಚಿಸಿಕೊಳ್ಳುವುದನ್ನು ಬೇರೆ ಬೇರೆ ಹಂತದಲ್ಲಿ ತಡೆಯುತ್ತವೆ. ಒಂದೇ ಔಷಧ ಕೊಟ್ಟರೆ ವೈರಸ್ ಬೇಗ ಅದಕ್ಕೆ ಒಗ್ಗಿಕೊಂಡುಬಿಡುತ್ತದೆ. ಅದಕ್ಕೇ ಈ ಜೋಡಣೆ.

ಈ ಮಾತ್ರೆಯನ್ನು ಮಾಡುವುದು ಒಂದು ಕಂಪನಿಯಲ್ಲ. ಭಾರತದಲ್ಲೇ ಹಲವು ಕಂಪನಿಗಳು ಇದೇ ಮೂರು ಔಷಧವನ್ನು ಇದೇ ಪ್ರಮಾಣದಲ್ಲಿ ಸೇರಿಸಿ ತಯಾರಿಸುತ್ತವೆ. ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಬಳಕೆಯಾಗುವ ಎಚ್‌ಐವಿ ಔಷಧದ ಬಹುಪಾಲು ಹೋಗುವುದು ಇಲ್ಲಿಂದಲೇ. ಇವೆಲ್ಲ ಜೆನೆರಿಕ್‌ಗಳು. ಅಂದರೆ ಮೊದಲು ಕಂಡುಹಿಡಿದ ಕಂಪನಿಯದ್ದಲ್ಲ, ಅದೇ ಔಷಧವನ್ನು ಬೇರೆಯವರು ತಯಾರಿಸಿದ್ದು.

ಹಾಗಾಗಿ ‘ನನಗೆ ಮೊದಲು ಸಿಗ್ತಿದ್ದದ್ದು ಒರಿಜಿನಲ್, ಈಗ ಡೂಪ್ಲಿಕೇಟ್ ಕೊಟ್ಟಿದ್ದಾರೆ’ ಎಂಬ ಮಾತಿಗೆ ಆಧಾರ ಇಲ್ಲ. ಸರ್ಕಾರಿ ಕೇಂದ್ರದಲ್ಲಿ ಮೊದಲು ಸಿಗುತ್ತಿದ್ದದ್ದೂ ಜೆನೆರಿಕ್ಕೇ, ಈಗಿನದೂ ಜೆನೆರಿಕ್ಕೇ.

ಕಂಪನಿ ಯಾಕೆ ಬದಲಾಗುತ್ತಿರುತ್ತದೆ

ಇದಕ್ಕೆ ಕಾರಣ ಹುಡುಕಲು ಸ್ವಲ್ಪ ಹಿಂದಕ್ಕೆ ಹೋಗಬೇಕು. 2000ದ ಆಸುಪಾಸಿನಲ್ಲಿ ಎಚ್‌ಐವಿಯ ಮೂರು ಔಷಧಗಳ ಚಿಕಿತ್ಸೆಗೆ ಒಬ್ಬರಿಗೆ ವರ್ಷಕ್ಕೆ 10,000 ಡಾಲರ್‌ಗೂ ಜಾಸ್ತಿ ಬೀಳುತ್ತಿತ್ತು. 2001ರಲ್ಲಿ ಮುಂಬೈನ ಸಿಪ್ಲಾ ಕಂಪನಿ ವರ್ಷಕ್ಕೆ 350 ಡಾಲರಿಗೆ ಕೊಡುತ್ತೇನೆ ಎಂದಿತು. ಆಗಿನ ನಮ್ಮ ಪೇಟೆಂಟ್ ಕಾಯ್ದೆ ಔಷಧ ತಯಾರಿಸುವ ವಿಧಾನಕ್ಕೆ ಮಾತ್ರ ಪೇಟೆಂಟ್ ಕೊಡುತ್ತಿತ್ತು, ಔಷಧಕ್ಕಲ್ಲ. ಹಾಗಾಗಿ ಬೇರೆ ವಿಧಾನದಲ್ಲಿ ಅದೇ ಔಷಧ ಮಾಡಲು ಇಲ್ಲಿನ ಕಂಪನಿಗಳಿಗೆ ಅಡ್ಡಿ ಇರಲಿಲ್ಲ. ಆಮೇಲೆ ಕಂಪನಿಗಳು ಹೆಚ್ಚಾದವು, ಪೈಪೋಟಿ ಬಿತ್ತು, ಬೆಲೆ ಇಳಿಯುತ್ತಾ ಹೋಯಿತು. 2005ರಲ್ಲಿ ಕಾಯ್ದೆ ಬದಲಾಗಿ ಔಷಧಕ್ಕೂ ಪೇಟೆಂಟ್ ಬಂತು. ಆದರೂ ಡೊಲುಟೆಗ್ರಾವಿರ್ ವಿಷಯದಲ್ಲಿ 2014ರಲ್ಲೇ ‘ಮೆಡಿಸಿನ್ಸ್ ಪೇಟೆಂಟ್ ಪೂಲ್’ ಎಂಬ ಸಂಸ್ಥೆಯ ಮೂಲಕ ಜೆನೆರಿಕ್ ತಯಾರಕರಿಗೆ ಅನುಮತಿ ಪಡೆಯುವ ದಾರಿ ತೆರೆಯಿತು. 2023ರಲ್ಲಿ ಗ್ಲೋಬಲ್ ಫಂಡ್ ಸಂಸ್ಥೆ ಟಿಎಲ್‌ಡಿಯನ್ನು ಒಬ್ಬರಿಗೆ ವರ್ಷಕ್ಕೆ 45 ಡಾಲರ್‌ಗಿಂತ ಕಡಿಮೆಗೆ ಕೊಳ್ಳಲು ಒಪ್ಪಂದವಾಗಿದೆ ಎಂದು ಪ್ರಕಟಿಸಿತು. ರೂಪಾಯಿ ಲೆಕ್ಕದಲ್ಲಿ ಸುಮಾರು 3,700. ದಿನಕ್ಕೆ ಹತ್ತು ರೂಪಾಯಿ ಚಿಲ್ಲರೆ.

ಈ ಇಳಿಕೆ ಸಾಧ್ಯವಾಗಿದ್ದು ಒಂದಕ್ಕಿಂತ ಹೆಚ್ಚು ತಯಾರಕರು ಇದ್ದುದರಿಂದ. ನ್ಯಾಕೋ, ಅಂದರೆ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ, 2004ರ ಏಪ್ರಿಲ್ 1ರಿಂದ ಉಚಿತವಾಗಿ ಔಷಧ ಕೊಡುತ್ತಿದೆ. ಅದು ಔಷಧ ಕೊಳ್ಳುವುದು ಟೆಂಡರ್ ಕರೆದು. ಟೆಂಡರ್‌ನಲ್ಲಿ ಈ ಸಲ ಗೆದ್ದವರು ಮುಂದಿನ ಸಲ ಗೆಲ್ಲುತ್ತಾರೆಂದಿಲ್ಲ. ಒಂದು ಕಂಪನಿಯ ಸರಕು ತಡವಾದರೆ ಇನ್ನೊಂದರದ್ದು ಬರುತ್ತದೆ. ಒಂದು ಕೇಂದ್ರದಲ್ಲಿ ಖಾಲಿಯಾದರೆ ಮತ್ತೊಂದು ಕೇಂದ್ರದಿಂದ ತರಿಸುತ್ತಾರೆ. ಇದೆಲ್ಲದರ ಕೊನೆಗೆ ಔಷಧ ಕೊಡುವ ಕಿಟಕಿಯ ಈಚೆ ನಿಂತವರ ಕೈಗೆ ಬೇರೆ ಡಬ್ಬಿ ಬರುತ್ತದೆ.

ಒಂದೇ ಕಂಪನಿಗೆ ಅಂಟಿಕೊಂಡರೆ? ಅದರ ಫ್ಯಾಕ್ಟರಿಯಲ್ಲಿ ತೊಂದರೆಯಾದ ದಿನ ಎಲ್ಲರಿಗೂ ಮಾತ್ರೆ ನಿಲ್ಲುತ್ತದೆ. ಕೊರತೆ ಎಂದರೇನು ಎಂಬುದನ್ನು ದೇಶ 2022ರಲ್ಲಿ ನೋಡಿದೆ. ಆ ವರ್ಷ ಜುಲೈನಲ್ಲಿ ಸೋಂಕಿತರು ಔಷಧ ಸಿಗುತ್ತಿಲ್ಲವೆಂದು ದೆಹಲಿಯ ನ್ಯಾಕೋ ಕಚೇರಿ ಎದುರು ಧರಣಿ ಕೂತರು. ಅದು ಒಂದು ತಿಂಗಳಿಗೂ ಹೆಚ್ಚು ಕಾಲ ನಡೆಯಿತು. ವಿಷಯ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. ಕೆಲವೇ ದಿನಕ್ಕಾಗುವಷ್ಟು ಮಾತ್ರೆ ಕೊಟ್ಟು ಮತ್ತೆ ಬನ್ನಿ ಎನ್ನುವುದು ಆಗಿನ ದೊಡ್ಡ ದೂರು.

ಮಲೆನಾಡಿನಲ್ಲಿ ‘ಮತ್ತೆ ಬನ್ನಿ’ ಎಂಬುದರ ಭಾರವೇ ಬೇರೆ. ಸಾಗರದಿಂದ ಶಿವಮೊಗ್ಗಕ್ಕೆ ಸುಮಾರು 70 ಕಿ.ಮೀ. ಶರಾವತಿ ಹಿನ್ನೀರಿನ ತುಮರಿ ಕಡೆಯವರು 2025ರ ಜುಲೈನಲ್ಲಿ ಸೇತುವೆ ಆಗುವವರೆಗೆ ಮೊದಲು ಲಾಂಚ್ ದಾಟಿ ಆಮೇಲೆ ಬಸ್ ಹಿಡಿಯಬೇಕಿತ್ತು. ಅಡಿಕೆ ಕೊಯ್ಲಿನ ದಿನಗಳಲ್ಲಿ ಒಂದು ದಿನ ಹೋದರೆ ಒಂದು ದಿನದ ಕೂಲಿ ಹೋಯಿತು. ಪದೇ ಪದೇ ಪೇಟೆಗೆ ಹೋಗುವುದನ್ನು ಊರಿನವರು ಗಮನಿಸುತ್ತಾರೆ ಎಂಬ ಅಂಜಿಕೆ ಅದರ ಮೇಲೆ. ಹಾಗಾಗಿ ಬೇರೆ ಕಂಪನಿಯದ್ದಾದರೂ ತಿಂಗಳುಗಳಿಗೆ ಸಾಕಾಗುವಷ್ಟು ಮಾತ್ರೆ ಒಟ್ಟಿಗೆ ಸಿಗುವುದು ಇಲ್ಲಿನವರಿಗೆ ದೊಡ್ಡ ಅನುಕೂಲ.

‘ಒಂದೇ’ ಎನ್ನುವುದು ಯಾವ ಲೆಕ್ಕದಲ್ಲಿ

ಈಗ ಮುಖ್ಯ ಪ್ರಶ್ನೆ. ಎರಡು ಕಂಪನಿಯ ಮಾತ್ರೆ ಒಂದೇ ಥರ ಕೆಲಸ ಮಾಡುತ್ತದೆ ಎಂದು ಹೇಗೆ ಗೊತ್ತಾಗುತ್ತದೆ?

ಹೊಸ ಜೆನೆರಿಕ್ ಬಂದಾಗ ಆರೋಗ್ಯವಂತ ಸ್ವಯಂಸೇವಕರ ಮೇಲೆ ಒಂದು ಪರೀಕ್ಷೆ ನಡೆಸುತ್ತಾರೆ. ಅವರಿಗೆ ಒಮ್ಮೆ ಮೂಲ ಕಂಪನಿಯ ಔಷಧ, ಕೆಲವು ದಿನ ಬಿಟ್ಟು ಜೆನೆರಿಕ್ ಕೊಡುತ್ತಾರೆ. ಎರಡೂ ಸಲ ಗಂಟೆಗಂಟೆಗೆ ರಕ್ತ ತೆಗೆದು ಎರಡು ಸಂಗತಿ ಅಳೆಯುತ್ತಾರೆ. ಒಟ್ಟು ಎಷ್ಟು ಔಷಧ ರಕ್ತಕ್ಕೆ ಸೇರಿತು ಎಂಬುದು ಒಂದು. ಅತಿ ಹೆಚ್ಚು ಮಟ್ಟ ಎಷ್ಟಿತ್ತು ಎಂಬುದು ಇನ್ನೊಂದು. ಇದಕ್ಕೆ ಬಯೋಈಕ್ವಿವಲೆನ್ಸ್ ಪರೀಕ್ಷೆ ಎನ್ನುತ್ತಾರೆ.

ಪಾಸಾಗಲು ಒಂದು ಮಿತಿ ಇದೆ: ಶೇ 80ರಿಂದ ಶೇ 125. ಈ ಅಂಕಿ ಬಹಳ ಜನರನ್ನು ಹೆದರಿಸಿದೆ. ‘ಜೆನೆರಿಕ್‌ನಲ್ಲಿ ಶೇ 20 ಔಷಧ ಕಡಿಮೆ ಇದ್ದರೂ ಪಾಸ್ ಮಾಡ್ತಾರಂತೆ’ ಎಂಬ ಮಾತು ವಾಟ್ಸ್ಆ್ಯಪ್‌ನಲ್ಲಿ ಸುತ್ತುತ್ತಿರುತ್ತದೆ. ಆದರೆ ಈ ಮಿತಿಗೂ ಮಾತ್ರೆಯಲ್ಲಿರುವ ಔಷಧದ ತೂಕಕ್ಕೂ ಸಂಬಂಧವಿಲ್ಲ. ಇದು ರಕ್ತದಲ್ಲಿ ಕಂಡ ಮಟ್ಟದ ಲೆಕ್ಕ. ಅದರಲ್ಲೂ ಸರಾಸರಿ ಈ ಮಿತಿಯೊಳಗೆ ಇದ್ದರಷ್ಟೇ ಸಾಲದು. ಒಬ್ಬರ ದೇಹದಿಂದ ಇನ್ನೊಬ್ಬರ ದೇಹಕ್ಕೆ ಏರುಪೇರು ಇರುವುದರಿಂದ ಸರಾಸರಿಯ ಆಚೀಚೆ ಒಂದು ಅನಿಶ್ಚಿತ ಅಗಲ ಇರುತ್ತದೆ. ಆ ಇಡೀ ಅಗಲ ಮಿತಿಯೊಳಗೆ ಕೂರಬೇಕು.

ಘಟ್ಟದ ಹಳೇ ಕಿರುಸೇತುವೆ ಮೇಲೆ ಬಸ್ಸು ದಾಟುವುದನ್ನು ನೆನೆಸಿಕೊಳ್ಳಿ. ಎರಡೂ ಬದಿಯ ಚಕ್ರಗಳು ಸೇತುವೆಯ ಒಳಗೇ ಇರಬೇಕು. ಹಾಗಿದ್ದಾಗ ಬಸ್ಸಿನ ನಡುಭಾಗ ಸೇತುವೆಯ ಅಂಚಿಗೆ ಬರಲು ಸಾಧ್ಯವೇ ಇಲ್ಲ, ಮಧ್ಯದ ಹತ್ತಿರವೇ ಇರುತ್ತದೆ. ಸರಾಸರಿಯೂ ಹಾಗೆ. ಅಮೆರಿಕದ ಔಷಧ ಆಡಳಿತ 1996ರಿಂದ 2007ರವರೆಗಿನ 2,070 ಇಂಥ ಪರೀಕ್ಷೆಗಳನ್ನು ಒಟ್ಟಿಗೆ ನೋಡಿತು. ರಕ್ತಕ್ಕೆ ಸೇರಿದ ಒಟ್ಟು ಔಷಧದಲ್ಲಿ ಮೂಲಕ್ಕೂ ಜೆನೆರಿಕ್‌ಗೂ ಇದ್ದ ಸರಾಸರಿ ವ್ಯತ್ಯಾಸ ಶೇ 3.56 ಮಾತ್ರ.

ಇಲ್ಲೊಂದು ನ್ಯಾಯವಾದ ತಕರಾರು ಇದೆ. ಪ್ರತಿ ಜೆನೆರಿಕ್ಕನ್ನೂ ಹೋಲಿಸುವುದು ಮೂಲ ಔಷಧದ ಜೊತೆ. ಒಂದು ಜೆನೆರಿಕ್ಕನ್ನು ಇನ್ನೊಂದು ಜೆನೆರಿಕ್ ಜೊತೆ ಯಾರೂ ಕಡ್ಡಾಯವಾಗಿ ಹೋಲಿಸುವುದಿಲ್ಲ. ಒಂದು ಸ್ವಲ್ಪ ಕೆಳಗೆ, ಇನ್ನೊಂದು ಸ್ವಲ್ಪ ಮೇಲೆ ಇದ್ದರೆ ಎರಡರ ನಡುವಿನ ಅಂತರ ಹೆಚ್ಚಾಗಬಹುದಲ್ವಾ? ಲೆಕ್ಕದ ಪ್ರಕಾರ ಆಗಬಹುದು. ಅಪಸ್ಮಾರ, ಅಂಗಾಂಗ ಕಸಿಯ ಕೆಲವು ಔಷಧಗಳಲ್ಲಿ ಸಣ್ಣ ಅಂತರವೂ ಮುಖ್ಯ, ಅಲ್ಲಿ ವೈದ್ಯರು ಹುಷಾರಾಗಿರುತ್ತಾರೆ. ಟಿಎಲ್‌ಡಿ ಆ ಗುಂಪಿಗೆ ಸೇರಿದ್ದಲ್ಲ. ಡೊಲುಟೆಗ್ರಾವಿರ್‌ನ ಆರಂಭದ ಪ್ರಯೋಗದಲ್ಲಿ 10, 25 ಮತ್ತು 50 ಮಿ.ಗ್ರಾಂ. ಮೂರನ್ನೂ ಬೇರೆ ಬೇರೆ ಗುಂಪಿಗೆ ಕೊಟ್ಟು ನೋಡಿದ್ದರು. ಮೂರೂ ಗುಂಪುಗಳಲ್ಲಿ ಹೆಚ್ಚುಕಮ್ಮಿ ಒಂದೇ ಪ್ರಮಾಣದ ಜನರಲ್ಲಿ ವೈರಸ್ ಅಡಗಿತು. ಬಳಕೆಗೆ ಬಂದಿದ್ದು 50. ಅಂದರೆ ಈ ಔಷಧದಲ್ಲಿ ಕೈಯಾಡಿಸಲು ಜಾಗ ಸಾಕಷ್ಟಿದೆ. ಯಾರೂ ಇದನ್ನು ಕೇಳಿ ಡೋಸ್ ಕಡಿಮೆ ಮಾಡಿಕೊಳ್ಳಬಾರದು. ಶೇಕಡಾ ಮೂರು ನಾಲ್ಕರ ವ್ಯತ್ಯಾಸಕ್ಕೆ ನಿದ್ದೆಗೆಡಬೇಕಿಲ್ಲ ಎಂಬುದಷ್ಟೇ ಇದರ ಅರ್ಥ.

ಊಟದ ವಿಷಯವನ್ನೇ ನೋಡಿ. ಖಾಲಿ ಹೊಟ್ಟೆಯಲ್ಲಿ ನುಂಗಿದಾಗ ರಕ್ತಕ್ಕೆ ಸೇರುವ ಡೊಲುಟೆಗ್ರಾವಿರ್‌ಗಿಂತ, ಕಡಿಮೆ ಕೊಬ್ಬಿನ ಊಟದ ಜೊತೆ ಶೇ 33ರಷ್ಟು, ಹೆಚ್ಚು ಕೊಬ್ಬಿನ ಊಟದ ಜೊತೆ ಶೇ 66ರಷ್ಟು ಜಾಸ್ತಿ ಸೇರುತ್ತದೆ. ಬರೀ ಹೊಟ್ಟೆಯಲ್ಲಿ ಮಾತ್ರೆ ನುಂಗಿ ಬಸ್ ಹತ್ತಿದ ದಿನಕ್ಕೂ, ಅಕ್ಕಿ ರೊಟ್ಟಿಗೆ ಬೆಣ್ಣೆ ಹಚ್ಚಿ ತಿಂದು ನುಂಗಿದ ದಿನಕ್ಕೂ ಇರುವ ವ್ಯತ್ಯಾಸದ ಮುಂದೆ ಎರಡು ಕಂಪನಿಗಳ ನಡುವಿನ ವ್ಯತ್ಯಾಸ ಏನೇನೂ ಅಲ್ಲ. ಎರಡೂ ರೀತಿಯಲ್ಲಿ ಔಷಧ ಕೆಲಸ ಮಾಡುತ್ತದೆ.

ಅನುಮಾನ ಪಡುವವರು ಮೂರ್ಖರಲ್ಲ

ಇಷ್ಟು ಹೇಳಿದ ಮಾತ್ರಕ್ಕೆ ಜನರ ಆತಂಕವನ್ನು ತಳ್ಳಿಹಾಕಲಾಗದು. ಪರೀಕ್ಷೆ ಪಾಸಾದ ಮಾತ್ರೆ ಒಂದು. ಆಮೇಲೆ ದಿನಾ ಫ್ಯಾಕ್ಟರಿಯಿಂದ ಹೊರಬರುವ ಲಕ್ಷಾಂತರ ಮಾತ್ರೆ ಇನ್ನೊಂದು. ಎರಡೂ ಒಂದೇ ಗುಣಮಟ್ಟದಲ್ಲಿ ಇರಬೇಕಾದರೆ ಯಾರಾದರೂ ಸತತವಾಗಿ ಕಾಯಬೇಕು.

2004ರಲ್ಲಿ ಭಾರತದ ಕೆಲವು ಎಚ್‌ಐವಿ ಜೆನೆರಿಕ್‌ಗಳನ್ನು ವಿಶ್ವ ಆರೋಗ್ಯ ಸಂಸ್ಥೆ ತನ್ನ ಅರ್ಹ ಔಷಧಗಳ ಪಟ್ಟಿಯಿಂದ ತೆಗೆದುಹಾಕಿತ್ತು. ಮಾತ್ರೆ ಕೆಟ್ಟಿದೆ ಎಂದಲ್ಲ. ಬಯೋಈಕ್ವಿವಲೆನ್ಸ್ ಪರೀಕ್ಷೆಯ ದಾಖಲೆಗಳು ಸರಿ ಇರಲಿಲ್ಲ. ಅಂದರೆ ‘ಒಂದೇ’ ಎನ್ನಲು ಆಧಾರವಾಗಿದ್ದ ಕಾಗದವೇ ನಂಬುವಂತಿರಲಿಲ್ಲ. ಮತ್ತೆ ಪರೀಕ್ಷೆ ನಡೆಸಿ ಹಲವು ಔಷಧಗಳು ಪಟ್ಟಿಗೆ ಮರಳಿದವು. ಈ ಘಟನೆಯನ್ನು ಎರಡೂ ಕಡೆಯವರು ತಮ್ಮ ವಾದಕ್ಕೆ ಬಳಸುತ್ತಾರೆ. ಒಬ್ಬರು ‘ನೋಡಿ, ಮೋಸ ನಡೆಯುತ್ತದೆ’ ಎನ್ನುತ್ತಾರೆ. ಇನ್ನೊಬ್ಬರು ‘ನೋಡಿ, ಹಿಡಿಯುವ ವ್ಯವಸ್ಥೆ ಇದೆ’ ಎನ್ನುತ್ತಾರೆ. ಎರಡೂ ನಿಜ.

ಮಲೆನಾಡಿಗೆ ಇದರ ಜೊತೆ ತನ್ನದೇ ಒಂದು ಕಹಿ ಇದೆ. ಮಂಗನ ಕಾಯಿಲೆ ಮೊದಲು ಪತ್ತೆಯಾಗಿದ್ದು 1957ರಲ್ಲಿ, ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ. ದಶಕಗಳ ಕಾಲ ಇಲ್ಲಿನ ಜನ ಅದಕ್ಕೆ ಲಸಿಕೆ ಚುಚ್ಚಿಸಿಕೊಂಡರು. 2022ರಲ್ಲಿ ಆ ಲಸಿಕೆಗೆ ಬೇಕಾದಷ್ಟು ಶಕ್ತಿ ಇಲ್ಲವೆಂದು ನಿಲ್ಲಿಸಲಾಯಿತು. ಸರ್ಕಾರ ಕೊಟ್ಟಿದ್ದನ್ನು ನಂಬಿ ತೋಳು ಒಡ್ಡಿದ ಊರುಗಳಲ್ಲಿ ಈಗ ‘ಎಲ್ಲಾ ಒಂದೇ, ತಗೊಳ್ಳಿ’ ಎಂದರೆ ಜನ ಸುಮ್ನೆ ತಲೆಯಾಡಿಸಲಿ ಎಂದು ನಿರೀಕ್ಷಿಸುವುದು ತಪ್ಪು.

ಹಾಗಂತ ತಿಂಗಳ ಪಟ್ಟಿಯನ್ನು ತಪ್ಪಾಗಿ ಓದುವುದೂ ಬೇಡ. ಸಿಡಿಎಸ್‌ಸಿಒ ಪಟ್ಟಿಯಲ್ಲಿ ಒಂದು ಔಷಧದ ಹೆಸರು ಬಂದರೆ ಅದು ಆ ಬ್ಯಾಚ್‌ಗೆ, ಅಂದರೆ ಒಂದೇ ಸಲ ತಯಾರಾದ ಆ ಕಂತಿಗೆ ಮಾತ್ರ ಅನ್ವಯ. ಆ ಕಂಪನಿಯ ಎಲ್ಲ ಔಷಧ, ಅಥವಾ ಆ ಔಷಧದ ಎಲ್ಲ ಬ್ಯಾಚ್ ಕಳಪೆ ಎಂದಲ್ಲ. ಫೇಲಾಗಲು ಕಾರಣಗಳೂ ನಾನಾ ಬಗೆ. ಮಾತ್ರೆ ನಿಗದಿತ ಸಮಯದಲ್ಲಿ ಕರಗದಿರಬಹುದು, ತೂಕದಲ್ಲಿ ಏರುಪೇರು ಇರಬಹುದು, ಔಷಧವೇ ಕಡಿಮೆ ಇರಬಹುದು. ಇವುಗಳಲ್ಲಿ ಕೆಲವು ಸಣ್ಣವು, ಕೆಲವು ಗಂಭೀರ. ನಕಲಿ ಔಷಧ ಎನ್ನುವುದು ಇನ್ನೊಂದೇ ವಿಷಯ. ತಲೆಬರಹ ಇದನ್ನೆಲ್ಲ ಒಂದೇ ಚೀಲಕ್ಕೆ ತುಂಬಿಬಿಡುತ್ತದೆ.

ಎಚ್‌ಐವಿ ಚಿಕಿತ್ಸೆಯಲ್ಲಿ ಒಂದು ಅನುಕೂಲ ಇದೆ. ಔಷಧ ಕೆಲಸ ಮಾಡುತ್ತಿದೆಯೇ ಎಂದು ಊಹಿಸಬೇಕಾಗಿಲ್ಲ, ಅಳೆಯಬಹುದು. ವೈರಲ್ ಲೋಡ್ ಪರೀಕ್ಷೆ ಒಂದು ಮಿ.ಲೀ. ರಕ್ತದಲ್ಲಿ ಎಷ್ಟು ವೈರಸ್ ಇದೆ ಎಂದು ಹೇಳುತ್ತದೆ. ನ್ಯಾಕೋ ನಿಯಮದಂತೆ ಚಿಕಿತ್ಸೆ ಆರಂಭವಾದ 6ನೇ ತಿಂಗಳು, 12ನೇ ತಿಂಗಳು, ಆಮೇಲೆ ವರ್ಷಕ್ಕೊಮ್ಮೆ ಇದನ್ನು ಮಾಡಿಸಬೇಕು. ದೇಶದ ಕಾರ್ಯಕ್ರಮದಲ್ಲಿ ಪರೀಕ್ಷೆ ಮಾಡಿಸಿಕೊಂಡವರಲ್ಲಿ ಶೇ 90ಕ್ಕೂ ಹೆಚ್ಚು ಜನರಲ್ಲಿ ವೈರಸ್ ಹತೋಟಿಯಲ್ಲಿದೆ. ಇವರಲ್ಲಿ ಬೇರೆ ಬೇರೆ ಕಂಪನಿಯ ಡಬ್ಬಿಗಳನ್ನು ವರ್ಷಗಟ್ಟಲೆ ಬದಲಿಸುತ್ತಾ ಬಂದವರೂ ಇದ್ದಾರೆ. ಜೆನೆರಿಕ್ ಅದಲುಬದಲಿನಿಂದ ಔಷಧ ಸೋಲುವುದಾಗಿದ್ದರೆ ಅದು ಇಲ್ಲಿ ಕಾಣಬೇಕಿತ್ತು.

ಹಳೇ ಅನುಭವ, ಹೊಸ ಭಯ

‘ಮಾತ್ರೆ ಬದಲಾದಾಗ ನನ್ನ ಮೈ ಬದಲಾಯ್ತು’ ಎನ್ನುವವರು ಸುಳ್ಳು ಹೇಳುತ್ತಿಲ್ಲ. ಇಪ್ಪತ್ತು ವರ್ಷದ ಉಚಿತ ಚಿಕಿತ್ಸೆಯಲ್ಲಿ ಔಷಧಗಳೇ ಹಲವು ಸಲ ಬದಲಾಗಿವೆ. ಮೊದಮೊದಲು ಕೊಡುತ್ತಿದ್ದ ಸ್ಟಾವುಡಿನ್ ಬಹಳ ಜನರ ಕೆನ್ನೆ, ಕೈಕಾಲಿನ ಕೊಬ್ಬನ್ನು ಕರಗಿಸಿತು. ಮುಖ ಬತ್ತಿಹೋಗಿ ಕಾಯಿಲೆ ಊರಿಗೇ ಗೊತ್ತಾಗುವಂತಾಯಿತು. ಆಮೇಲೆ ಬಂದ ಎಫಾವಿರೆಂಜ್ ಇದ್ದ ಮಾತ್ರೆಯಿಂದ ತಲೆಸುತ್ತು, ವಿಚಿತ್ರ ಕನಸು. 2020ರ ನಂತರ ಅದರ ಜಾಗಕ್ಕೆ ಡೊಲುಟೆಗ್ರಾವಿರ್ ಬಂತು. ಕನಸು ನಿಂತಿತು, ಕೆಲವರಿಗೆ ನಿದ್ದೆ ಬಾರದಾಯಿತು, ಕೆಲವರ ತೂಕ ಏರಿತು.

ಅವೆಲ್ಲ ಔಷಧದ ಬದಲಾವಣೆ. ಈಗ ಆಗುತ್ತಿರುವುದು ಹೆಚ್ಚಾಗಿ ತಯಾರಕರ ಬದಲಾವಣೆ. ಆದರೆ ಕಿಟಕಿಯ ಈಚೆಗೆ ಎರಡೂ ಒಂದೇ ಥರ ಕಾಣುತ್ತವೆ: ಹೊಸ ಡಬ್ಬಿ, ಹೊಸ ಮಾತ್ರೆ, ಸಮಜಾಯಿಷಿ ಇಲ್ಲ. ಹಿಂದಿನ ಅನುಭವ ಇದ್ದವರು ಮತ್ತೆ ಅದೇ ಆಗುತ್ತದೆ ಎಂದು ಕಾಯುತ್ತಾರೆ. ಕಾದಾಗ ಸಣ್ಣ ತಲೆನೋವೂ ಹೊಸ ಮಾತ್ರೆಯ ಲೆಕ್ಕಕ್ಕೆ ಹೋಗುತ್ತದೆ. ಭಯದಿಂದಲೇ ಲಕ್ಷಣ ಹುಟ್ಟುವುದೂ ವೈದ್ಯಕೀಯದಲ್ಲಿ ಚೆನ್ನಾಗಿ ಗೊತ್ತಿರುವ ಸಂಗತಿ. ಆ ತಲೆನೋವು ನಾಟಕವಲ್ಲ, ನಿಜವಾಗಿಯೇ ನೋಯುತ್ತದೆ.

ಇದರ ಪರಿಣಾಮ ಎಷ್ಟು ದೊಡ್ಡದು ಎಂಬುದನ್ನು ಅಮೆರಿಕದ ಬೋಸ್ಟನ್‌ನ ಸಂಶೋಧಕರು ಅಳೆದಿದ್ದಾರೆ. ಎಚ್‌ಐವಿಯಲ್ಲಲ್ಲ, ಹೃದಯಾಘಾತದ ನಂತರ ಜೆನೆರಿಕ್ ಮಾತ್ರೆ ತೆಗೆದುಕೊಳ್ಳುತ್ತಿದ್ದವರಲ್ಲಿ. 2014ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಮಾತ್ರೆಯ ಬಣ್ಣ ಬದಲಾದಾಗ ಔಷಧ ನಿಲ್ಲಿಸುವ ಸಂಭವ ಶೇ 34ರಷ್ಟು ಹೆಚ್ಚಿತ್ತು. ಆಕಾರ ಬದಲಾದಾಗ ಶೇ 66ರಷ್ಟು. ಒಳಗಿನ ಔಷಧ ಬದಲಾಗಿರಲಿಲ್ಲ. ಹೊರಗಿನ ರೂಪ ಬದಲಾಗಿದ್ದಕ್ಕೇ ಜನ ಬಿಟ್ಟರು.

ಎಚ್‌ಐವಿಯಲ್ಲಿ ಬಿಟ್ಟರೆ ಏನಾಗುತ್ತದೆ? ರಕ್ತದಲ್ಲಿ ಔಷಧದ ಮಟ್ಟ ಇಳಿಯುತ್ತದೆ, ಅಡಗಿದ್ದ ವೈರಸ್ ಮತ್ತೆ ಹೆಚ್ಚುತ್ತದೆ. ಅರೆಬರೆ ಔಷಧದ ನಡುವೆ ಹೆಚ್ಚಿದ ವೈರಸ್ ಅದನ್ನು ಎದುರಿಸಲು ಕಲಿಯುತ್ತದೆ. ಲ್ಯಾಮಿವುಡಿನ್‌ಗೆ ಹೀಗೆ ಬೇಗ ಪ್ರತಿರೋಧ ಹುಟ್ಟುತ್ತದೆ. ಡೊಲುಟೆಗ್ರಾವಿರ್ ಗಟ್ಟಿ, ಆದರೆ ಅದಕ್ಕೂ ಮಿತಿ ಇದೆ. ವೈರಸ್ ಪತ್ತೆಯಾಗದ ಮಟ್ಟದಲ್ಲಿ ಇರುವಾಗ ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಹರಡುವುದಿಲ್ಲ. ಮಾತ್ರೆ ಬಿಟ್ಟರೆ ಆ ರಕ್ಷಣೆಯೂ ಹೋಗುತ್ತದೆ.

ಹುಷಾರಾಗಿ ನೋಡಬೇಕಾದ ಬದಲಾವಣೆಗಳು

‘ಎಲ್ಲಾ ಒಂದೇ’ ಎಂಬ ಮಾತು ತಪ್ಪಾಗುವ ಜಾಗಗಳೂ ಇವೆ. ಅದರಲ್ಲೂ ಖಾಸಗಿ ಮೆಡಿಕಲ್ ಶಾಪ್‌ನಲ್ಲಿ ಕೊಳ್ಳುವವರಿಗೆ. ಅಲ್ಲಿ ಬ್ರ್ಯಾಂಡ್ ಹೆಸರುಗಳು ಒಂದರಂತೆ ಇನ್ನೊಂದು ಇರುತ್ತವೆ, ಕೊನೆಯ ಒಂದೆರಡು ಅಕ್ಷರ ಬೇರೆ. ಆದರೆ ಒಳಗಿನ ಔಷಧವೇ ಬೇರೆ ಇರಬಹುದು.

ಟೆನೊಫೊವಿರ್‌ನಲ್ಲಿ ಎರಡು ರೂಪ ಇದೆ. ಡೈಸೊಪ್ರಾಕ್ಸಿಲ್ ಆದರೆ 300 ಮಿ.ಗ್ರಾಂ., ಅಲಾಫೆನಮೈಡ್ ಆದರೆ 25 ಮಿ.ಗ್ರಾಂ. ಎರಡನೆಯದು ಮೂತ್ರಪಿಂಡ, ಮೂಳೆಯ ಮೇಲೆ ಹಗುರ. ಆದರೆ ಟಿಬಿಗೆ ಕೊಡುವ ರಿಫಾಂಪಿಸಿನ್ ಜೊತೆಗೆ ಅದರ ಲೆಕ್ಕಾಚಾರ ಬೇರೆ. ಇವೆರಡರ ನಡುವಿನ ಬದಲಾವಣೆ ವೈದ್ಯರ ತೀರ್ಮಾನವಾಗಬೇಕು, ಅಂಗಡಿಯವರದ್ದಲ್ಲ. ಕೆಲವು ಡಬ್ಬಿಯ ಮೇಲೆ 300ರ ಬದಲು 245 ಎಂದು ಇರುವುದುಂಟು. ಅದಕ್ಕೆ ಹೆದರಬೇಕಿಲ್ಲ. ಫ್ಯೂಮರೇಟ್ ಲವಣವನ್ನು ಸೇರಿಸಿ ತೂಗಿದರೆ 300, ಬಿಟ್ಟು ತೂಗಿದರೆ 245. ಔಷಧ ಅಷ್ಟೇ.

ಇನ್ನೂ ಮುಖ್ಯವಾದದ್ದು ಎರಡೇ ಔಷಧದ ಮಾತ್ರೆ. ಡೊಲುಟೆಗ್ರಾವಿರ್ ಮತ್ತು ಲ್ಯಾಮಿವುಡಿನ್ ಮಾತ್ರ ಇರುವ ಮಾತ್ರೆಯೂ ಮಾರುಕಟ್ಟೆಯಲ್ಲಿದೆ. ಸರಿಯಾದ ರೋಗಿಗೆ ಅದು ಒಳ್ಳೆಯ ಚಿಕಿತ್ಸೆಯೇ. ಆದರೆ ಹೆಪಟೈಟಿಸ್ ಬಿ ಸೋಂಕೂ ಇರುವವರಿಗೆ ಟೆನೊಫೊವಿರ್ ಎರಡು ಕೆಲಸ ಮಾಡುತ್ತಿರುತ್ತದೆ. ಎಚ್‌ಐವಿ ಜೊತೆಗೆ ಯಕೃತ್ತಿನ ವೈರಸ್ಸನ್ನೂ ಅದು ಹಿಡಿದಿಟ್ಟಿರುತ್ತದೆ. ಅದನ್ನು ಏಕಾಏಕಿ ತೆಗೆದರೆ ಹೆಪಟೈಟಿಸ್ ಭುಗಿಲೆದ್ದು ಪ್ರಾಣಕ್ಕೇ ಬರಬಹುದು.

ಮಕ್ಕಳ ಮಾತ್ರೆಯನ್ನು ದೊಡ್ಡವರ ಲೆಕ್ಕದಲ್ಲಿ ನೋಡಬಾರದು. ನೀರಿನಲ್ಲಿ ಕರಗಿಸಿ ಕೊಡುವ ಡೊಲುಟೆಗ್ರಾವಿರ್ 30 ಮಿ.ಗ್ರಾಂ., ನುಂಗುವ ಮಾತ್ರೆಯ 50 ಮಿ.ಗ್ರಾಂ.ಗೆ ಹೆಚ್ಚುಕಮ್ಮಿ ಸಮ. ಅಂಕಿ ಹೊಂದಿಸಿಕೊಂಡು ಅದಲುಬದಲು ಮಾಡಿದರೆ ಡೋಸ್ ತಪ್ಪುತ್ತದೆ.

ಇನ್ನೊಂದು ತಪ್ಪು ಮನೆಯಲ್ಲಿ ಆಗುತ್ತದೆ. ಹಳೇ ಡಬ್ಬಿಯಲ್ಲಿ ಮಾತ್ರೆ ಉಳಿದಿರುತ್ತದೆ, ಹೊಸದು ಬೇರೆ ಥರ ಕಾಣುತ್ತದೆ. ಎರಡೂ ಬೇರೆ ಔಷಧ ಎಂದುಕೊಂಡು ಎರಡನ್ನೂ ನುಂಗುತ್ತಾರೆ. ಹೀಗೆ ದುಪ್ಪಟ್ಟು ಟೆನೊಫೊವಿರ್ ಹೋಗುತ್ತಿದ್ದರೆ ಮೂತ್ರಪಿಂಡಕ್ಕೆ ಹೊರೆ. ‘ಹಳೇದು ಮುಗಿಸಿ, ಆಮೇಲೆ ಹೊಸದು ಶುರು ಮಾಡಿ’ ಎಂಬ ಒಂದು ಮಾತು ಇದನ್ನು ತಪ್ಪಿಸುತ್ತದೆ.

ಔಷಧದ ಬಲ ಕುಂದಿಸುವ ನಿಜವಾದ ಕಾರಣಗಳು

ಡೊಲುಟೆಗ್ರಾವಿರ್ ಜೊತೆ ಗ್ಯಾಸ್ಟ್ರಿಕ್‌ಗೆ ಕುಡಿಯುವ ಜೆಲ್ ಟಾನಿಕ್ ಒಟ್ಟಿಗೆ ತೆಗೆದುಕೊಂಡರೆ ರಕ್ತಕ್ಕೆ ಸೇರುವ ಔಷಧ ಸುಮಾರು ಮುಕ್ಕಾಲು ಭಾಗ ಕಡಿಮೆಯಾಗುತ್ತದೆ. ಟಾನಿಕ್‌ನಲ್ಲಿರುವ ಅಲ್ಯೂಮಿನಿಯಂ, ಮೆಗ್ನೀಸಿಯಂ ಔಷಧವನ್ನು ಹೊಟ್ಟೆಯಲ್ಲೇ ಕಟ್ಟಿಹಾಕುತ್ತವೆ. ಕಂಪನಿ ಬದಲಾವಣೆಯ ಶೇ 3ರ ಮುಂದೆ ಈ ಮುಕ್ಕಾಲು ಭಾಗ ಇಟ್ಟು ನೋಡಿ. ಅಂಥ ಟಾನಿಕ್ ಬೇಕೇ ಬೇಕಿದ್ದರೆ ಎಚ್‌ಐವಿ ಮಾತ್ರೆ ನುಂಗಿ 2 ಗಂಟೆ ಆದ ಮೇಲೆ ಕುಡಿಯಬೇಕು. ಟಾನಿಕ್ ಮೊದಲು ಕುಡಿದಿದ್ದರೆ 6 ಗಂಟೆ ಬಿಟ್ಟು ಮಾತ್ರೆ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗೂ ಇದೇ ಅಂತರ ಬೇಕು, ಆದರೆ ಊಟದ ಜೊತೆಯಾದರೆ ಒಟ್ಟಿಗೇ ತೆಗೆದುಕೊಳ್ಳಬಹುದು. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ನುಂಗುವವರು ವೈದ್ಯರಿಗೆ ಹೇಳಲೇಬೇಕು, ರಕ್ತದಲ್ಲಿ ಮೆಟ್‌ಫಾರ್ಮಿನ್ ಮಟ್ಟ ಏರುತ್ತದೆ. ಟಿಬಿಗೆ ರಿಫಾಂಪಿಸಿನ್ ಶುರುವಾದರೆ ಡೊಲುಟೆಗ್ರಾವಿರ್ ದಿನಕ್ಕೆ ಎರಡು ಸಲ ಬೇಕಾಗುತ್ತದೆ.

ಇನ್ನು ನಮ್ಮ ಮಳೆಗಾಲ. ಆಗುಂಬೆ, ಹುಲಿಕಲ್ ಕಡೆ ವರ್ಷದ ಮಳೆ 7,000 ಮಿ.ಮೀ. ದಾಟುವುದುಂಟು. ಬಟ್ಟೆ ಒಣಗದ, ಗೋಡೆ ಬೆವರುವ ತಿಂಗಳುಗಳು ಅವು. ಟೆನೊಫೊವಿರ್ ಡೈಸೊಪ್ರಾಕ್ಸಿಲ್‌ಗೆ ತೇವ ಆಗದು. ಅದಕ್ಕೇ ಅದನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ, ತೇವ ಹೀರುವ ಸಣ್ಣ ಪೊಟ್ಟಣದ ಜೊತೆ ಕೊಡುವುದು. ಆದರೆ ಡಬ್ಬಿ ನೋಡಿ ಯಾರಾದರೂ ಕೇಳಿಯಾರು ಎಂಬ ಅಂಜಿಕೆಗೆ ಎಷ್ಟೋ ಜನ ಮಾತ್ರೆಗಳನ್ನು ಪ್ಲಾಸ್ಟಿಕ್ ಕವರಿಗೋ ಕಾಗದದ ಪೊಟ್ಟಣಕ್ಕೋ ಸುರಿದುಕೊಳ್ಳುತ್ತಾರೆ, ಒಲೆಯ ಮೇಲಿನ ಅಟ್ಟದಲ್ಲೋ ಬಚ್ಚಲಿನ ಮಾಡಿನಲ್ಲೋ ಬಚ್ಚಿಡುತ್ತಾರೆ. ಒಳ್ಳೆಯ ಕಂಪನಿಯ ಒಳ್ಳೆಯ ಮಾತ್ರೆಯೂ ಅಲ್ಲಿ ಕೆಡುತ್ತದೆ. ಲೇಬಲ್ ಬೇಕಿದ್ದರೆ ಕಿತ್ತುಹಾಕಲಿ, ಆದರೆ ಹೆಸರು, ಬ್ಯಾಚ್, ಅವಧಿ ಮುಗಿಯುವ ತಿಂಗಳನ್ನು ಬರೆದಿಟ್ಟುಕೊಂಡು. ಮಾತ್ರೆ ಮಾತ್ರ ಅದೇ ಡಬ್ಬಿಯಲ್ಲಿರಲಿ.

ಆಗಬೇಕಾದದ್ದು

ಒಂದೇ ಕಂಪನಿಯ ಮಾತ್ರೆಯನ್ನೇ ಕೊಡಿ ಎಂಬ ಬೇಡಿಕೆ ಅರ್ಥವಾಗುವಂಥದ್ದು. ಆದರೆ ಅದು ಈಡೇರಿದರೆ ಬೆಲೆ ಏರುತ್ತದೆ, ಕೊರತೆಯ ಅಪಾಯ ಹೆಚ್ಚುತ್ತದೆ. ಆ ಬೇಡಿಕೆಯ ಹಿಂದಿರುವ ಆತಂಕಕ್ಕೆ ಬೇರೆ ಪರಿಹಾರ ಇದೆ, ಅದಕ್ಕೆ ದುಡ್ಡೂ ಹೆಚ್ಚು ಬೇಡ.

ಡಬ್ಬಿಯ ಮೇಲಿನ ಬರಹ ಇಂಗ್ಲಿಷಿನಲ್ಲಿ ಇರುತ್ತದೆ. ಹೊಸ ಕಂಪನಿಯ ಸರಕು ಬಂದಾಗ ಕನ್ನಡದಲ್ಲಿ ಒಂದು ಚೀಟಿ ಅಂಟಿಸಬಹುದು: ‘ಔಷಧ ಅದೇ, ತಯಾರಕರು ಬೇರೆ.’ ಔಷಧವೇ ಬದಲಾಗಿದ್ದರೆ ಬೇರೆ ಬಣ್ಣದ ಚೀಟಿ, ಜೊತೆಗೆ ಕೌನ್ಸೆಲರ್ ಎದುರು ಕೂರಿಸಿ ಐದು ನಿಮಿಷದ ಮಾತು. ಕಾಯಿಲೆಯ ಹೆಸರು ಚೀಟಿಯಲ್ಲಿ ಇರಬಾರದು. ಸರಬರಾಜಾದ ಬ್ಯಾಚ್‌ಗಳ ಲ್ಯಾಬ್ ಫಲಿತಾಂಶವನ್ನು ಕೇಂದ್ರದ ಗೋಡೆಗೆ ಅಂಟಿಸಲಿ. ಬಳ್ಳಾರಿಯ ನಂತರ, ಮಂಗನ ಕಾಯಿಲೆ ಲಸಿಕೆಯ ನಂತರ, ‘ನಂಬಿ’ ಎನ್ನುವ ಬದಲು ‘ನೋಡಿ’ ಎನ್ನುವುದು ಸರ್ಕಾರದ ಹೊಣೆ. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಎಚ್‌ಐವಿ–ಏಡ್ಸ್ ಕಾಯ್ದೆ ತಿಳಿವಳಿಕೆಯ ಒಪ್ಪಿಗೆಯನ್ನು ಹಕ್ಕಾಗಿ ಕೊಟ್ಟಿದೆ. ಏನು ನುಂಗುತ್ತಿದ್ದೇನೆ ಎಂದು ಕೇಳುವುದು ಆ ಹಕ್ಕಿನ ಭಾಗವೇ.

ಕೈಗೆ ಹೊಸ ಡಬ್ಬಿ ಬಂದಾಗ ಕಿಟಕಿ ಬಿಡುವ ಮುಂಚೆ ಕೇಳಬೇಕಾದ್ದು ಇಷ್ಟು: ಮೂರೂ ಔಷಧದ ಹೆಸರು ಅದೇ ಇದೆಯೇ? ಮಿ.ಗ್ರಾಂ. ಅದೇ ಇದೆಯೇ? ದಿನಕ್ಕೆ ಎಷ್ಟು, ಹಳೇದು ಉಳಿದಿದ್ದರೆ ಏನು ಮಾಡಲಿ? ಓದಲು ಬಾರದಿದ್ದರೆ ಹಳೇ ಡಬ್ಬಿಯನ್ನೇ ಚೀಲದಲ್ಲಿ ತಂದು ಪಕ್ಕಪಕ್ಕ ಇಟ್ಟು ಕೇಳಬಹುದು. ಹೊಸ ಮಾತ್ರೆ ಶುರು ಮಾಡಿದ ಮೇಲೆ ಮೈಮೇಲೆ ದದ್ದು, ಕಣ್ಣು ಹಳದಿಯಾಗುವುದು, ನಿಲ್ಲದ ವಾಂತಿ ಕಂಡರೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ಉಳಿದ ಸಣ್ಣಪುಟ್ಟ ತೊಂದರೆಗೆ ಮಾತ್ರೆ ನಿಲ್ಲಿಸದೆ ಮೊದಲು ಕೇಂದ್ರಕ್ಕೆ ಫೋನ್ ಮಾಡಬೇಕು. ಏಡ್ಸ್ ಸಹಾಯವಾಣಿ 1097ಕ್ಕೆ ಕರೆ ಉಚಿತ. ಔಷಧದ ಅಡ್ಡಪರಿಣಾಮವನ್ನು ದಾಖಲಿಸಲು 1800-180-3024 ಇದೆ, ರೋಗಿಗಳೇ ನೇರವಾಗಿ ತಿಳಿಸಬಹುದು. ಆಗ ಬ್ಯಾಚ್ ನಂಬರ್ ಕೇಳುತ್ತಾರೆ. ಒಂದೇ ಬ್ಯಾಚಿನ ಬಗ್ಗೆ ಹಲವು ಕಡೆಯಿಂದ ದೂರು ಹೋದರೆ ಆ ಬ್ಯಾಚ್ ಲ್ಯಾಬ್‌ವರೆಗೆ ಬೇಗ ತಲುಪಬಹುದು.